ಹಿಮ್ಮಡಿ ನೋವು: ಕಾರಣ ಮತ್ತು ಚಿಕಿತ್ಸೆ



ದೇಹದ ಭಾರವು ನೆಲವನ್ನು ಮುಟ್ಟುವಾಗ ಅದನ್ನು ಮೊದಲು ಹೊರುವ ಅಂಗವೇ ಹಿಮ್ಮಡಿ. ಥಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿಮುಂಬಯಿಗಳ ದುಡಿಯುವ ಜನರ ಹಿಮ್ಮಡಿಗೆ ಬಿಡುವೆಂಬುದು ಅಪರೂಪ. ಕಲ್ಯಾಣದಿಂದ ದಕ್ಷಿಣ ಮುಂಬಯಿಗೆ 50 ಕಿಲೋಮೀಟರಿಗೂ ಹೆಚ್ಚಿನ ದೂರವನ್ನು ಲೋಕಲ್ ಗಾಡಿಯಲ್ಲಿ ನಿಂತೇ ಕ್ರಮಿಸುವ ನೌಕರರು, ಹೋಟೆಲಿನ ಅಡಿಗೆಯವರು ಮತ್ತು ಮಾಣಿಗಳು, ವಾಶಿಯ ಸಗಟು ಮಾರುಕಟ್ಟೆಯಲ್ಲಿ ಮೂಟೆ ಹೊರುವ ಮಾಥಾಡಿ ಕಾರ್ಮಿಕರು, ಗಟ್ಟಿ ನೆಲದ ಮೇಲೆ ಬರಿಗಾಲಿನಲ್ಲಿ ಓಡಾಡುವ ಗೃಹಿಣಿಯರು ಇದಕ್ಕೆ ನಿದರ್ಶನ. ದಿನಗೂಲಿಯವನ ಕಾಲು ಸೋತರೆ ಮನೆಯ ಒಲೆಯೇ ಸೋಲುತ್ತದೆ. ಆದುದರಿಂದ ಈ ನೋವನ್ನು ಕಡೆಗಣಿಸುವುದು ತರವಲ್ಲ. ಹಾಗೆಯೇ ಇದಕ್ಕೆ ಹೆದರಿ ಚುಚ್ಚುಮದ್ದಿಗೆ ಆತುರಪಡುವುದೂ ತರವಲ್ಲ.

ಹಿಮ್ಮಡಿಯ ಮೂಳೆಯಿಂದ ಕಾಲ್ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ದಪ್ಪನೆಯ ತಂತುಪಟ್ಟಿಯೊಂದಿದೆ. ವೈದ್ಯರು ಇದನ್ನು ಪ್ಲಾಂಟರ್ ಫೇಸಿಯಾ ಎನ್ನುತ್ತಾರೆ. ಬಿಲ್ಲಿಗೆ ಹೆದೆಯಿರುವಂತೆ ಇದು ಪಾದದ ಕಮಾನನ್ನು ಹಿಡಿದಿರಿಸುತ್ತದೆ. ಬಹಳ ಹೊತ್ತು ನಿಲ್ಲುವುದು, ಸ್ಥೂಲಕಾಯ, ಬಿಗಿದ ಮೀನಖಂಡ, ಚಪ್ಪಟೆ ಪಾದ, ಸವೆದ ಅಥವಾ ತೆಳುವಾದ ಪಾದರಕ್ಷೆ ಇವುಗಳಿಂದ ಪಟ್ಟಿಯ ಬುಡಕ್ಕೆ ಮಿತಿಮೀರಿದ ಎಳೆತ ಬಿದ್ದು ನೋವು ಹುಟ್ಟುತ್ತದೆ. ನಲವತ್ತರಿಂದ ಅರವತ್ತರ ವಯಸ್ಸಿನವರಲ್ಲಿ ಇದು ಹೆಚ್ಚು. ಬೆಳಗ್ಗೆ ಹಾಸಿಗೆಯಿಂದೆದ್ದು ಇಡುವ ಮೊದಲ ಹೆಜ್ಜೆಯಲ್ಲಿ ಮುಳ್ಳು ಚುಚ್ಚಿದಂತಾಗಿ, ಸ್ವಲ್ಪ ನಡೆದ ಮೇಲೆ ಕಡಿಮೆಯಾಗುವುದು ಇದರ ಮುಖ್ಯ ಲಕ್ಷಣ.

ಎಕ್ಸ್-ರೇಯಲ್ಲಿ ಹಿಮ್ಮಡಿಯ ಮೂಳೆ ಮುಳ್ಳಿನಂತೆ ಬೆಳೆದುದನ್ನು ಕಂಡು ಅನೇಕರು ಗಾಬರಿಗೊಳ್ಳುತ್ತಾರೆ. ಇಂತಹ ಬೆಳವಣಿಗೆಯು ನೋವೇ ಇಲ್ಲದ ಹಲವರಲ್ಲಿಯೂ ಇರುತ್ತದೆ. ಅದನ್ನು ಕತ್ತರಿಸಿದರೆ ಮಾತ್ರ ಗುಣವಾಗುವುದೆಂಬ ನಂಬಿಕೆ ಸರಿಯಲ್ಲ.

ಚಿಕಿತ್ಸೆಯ ಬಹುಭಾಗ ರೋಗಿಯ ಕೈಯಲ್ಲಿಯೇ ಇದೆ. ಹಾಸಿಗೆಯಿಂದ ಇಳಿಯುವ ಮುನ್ನ ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲಿರಿಸಿಕೊಂಡು, ಕಾಲ್ಬೆರಳುಗಳನ್ನು ಮೊಳಕಾಲಿನ ಕಡೆಗೆ ಎಳೆದು ಹತ್ತು ಎಣಿಸುವಷ್ಟು ಹೊತ್ತು ಹಿಡಿಯಬೇಕು. ಹೀಗೆ 10 ಸಲದಂತೆ ದಿನಕ್ಕೆ 3 ಬಾರಿ ಮಾಡಬೇಕು. ಗೋಡೆಗೆ ಕೈಯೂರಿ, ನೋಯುವ ಕಾಲನ್ನು ಹಿಂದಿಟ್ಟು, ಹಿಮ್ಮಡಿಯನ್ನು ನೆಲದಿಂದ ಎತ್ತದೆ ಮುಂದಕ್ಕೆ ಬಾಗಿ ಮೀನಖಂಡವನ್ನೂ ಸಡಿಲಗೊಳಿಸಬೇಕು. ಮನೆಯೊಳಗೂ ಮೆತ್ತನೆಯ ಅಟ್ಟೆಯ ಪಾದರಕ್ಷೆ ಧರಿಸುವುದು ಒಳ್ಳೆಯದು. ನೀರು ಹೆಪ್ಪುಗಟ್ಟಿಸಿದ ಸೀಸೆಗೆ ಬಟ್ಟೆ ಸುತ್ತಿ, ಅದನ್ನು ಅಂಗಾಲಿನ ಕೆಳಗೆ ಹತ್ತು ನಿಮಿಷ ಉರುಳಿಸಿದರೆ ಉಪಶಮನ ದೊರೆಯುತ್ತದೆ. ಆದರೆ ಪಾದದ ಸ್ಪರ್ಶಜ್ಞಾನ ಕುಂದಿರುವ ಮಧುಮೇಹಿಗಳು ಹೀಗೆ ಮಾಡಬಾರದು.

ಗುಣವಾಗಲು ತಿಂಗಳುಗಳೇ ಹಿಡಿಯಬಹುದು. ಆದರೂ ಬಹುಮಂದಿಗೆ ಒಂದು ವರ್ಷದೊಳಗೆ ಶಸ್ತ್ರಚಿಕಿತ್ಸೆಯಿಲ್ಲದೆ ವಾಸಿಯಾಗುತ್ತದೆ. ಸ್ಟೀರಾಯ್ಡ್ ಚುಚ್ಚುಮದ್ದಿನ ಹಿತವು ಸಾಮಾನ್ಯವಾಗಿ ಕೆಲವು ವಾರಗಳಷ್ಟೇ. ಅದನ್ನು ಮತ್ತೆ ಮತ್ತೆ ಪಡೆದರೆ ತಂತುಪಟ್ಟಿ ಹರಿಯುವ, ಹಿಮ್ಮಡಿಯ ಮೆತ್ತನೆಯ ಕೊಬ್ಬು ಕರಗುವ ಅಪಾಯವುಂಟು. ನೋವಿನ ಮಾತ್ರೆಗಳನ್ನೂ ವೈದ್ಯರ ಸಲಹೆಯಿಲ್ಲದೆ ದಿನಗಟ್ಟಲೆ ನುಂಗಬಾರದು.

ಜ್ವರ, ಊತ, ಜೋಮು, ಪಾದದಲ್ಲಿ ಹುಣ್ಣು, ರಾತ್ರಿ ಮಲಗಿದಾಗಲೂ ಬಿಡದ ನೋವು, ಬಿದ್ದ ಮೇಲೆ ಕಾಲೂರಲಾಗದಿರುವುದು ಇವು ಕಂಡುಬಂದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಯುವಕರಲ್ಲಿ ಎರಡೂ ಹಿಮ್ಮಡಿ ನೋಯುತ್ತ, ಬೆಳಗಿನ ಹೊತ್ತು ಸೊಂಟವೂ ಬಿಗಿದರೆ ಅದು ಸಂಧಿವಾತದ ಸೂಚನೆಯಾಗಿರಬಹುದು. ಕಲ್ಯಾಣದ ರುಕ್ಮಿಣಿಬಾಯಿ, ಡೊಂಬಿವಲಿಯ ಶಾಸ್ತ್ರಿನಗರ, ಥಾಣೆ ಬಳಿಯ ಕಳವಾ ಮತ್ತು ನವಿಮುಂಬಯಿಯ ವಾಶಿ ಇಲ್ಲಿ ಮಹಾನಗರಪಾಲಿಕೆಗಳ ಆಸ್ಪತ್ರೆಗಳಿವೆ. ಇ.ಎಸ್.ಐ. ಯೋಜನೆಗೆ ಒಳಪಟ್ಟ ಕಾರ್ಮಿಕರು ಚಿಕಿತ್ಸೆಯೊಡನೆ, ವೈದ್ಯರ ಪ್ರಮಾಣಪತ್ರದ ಮೇರೆಗೆ ರಜೆಯ ದಿನಗಳಿಗೆ ನಿಯಮಾನುಸಾರ ನಗದು ನೆರವನ್ನೂ ಪಡೆಯಬಹುದು.

ಕಾಲಿಗೆ ಕೊಡುವ ವಿಶ್ರಾಂತಿ ಸೋಮಾರಿತನವಲ್ಲ. ದಿನವೂ ತಪ್ಪದ ವ್ಯಾಯಾಮ, ತಕ್ಕ ಪಾದರಕ್ಷೆ ಮತ್ತು ತಾಳ್ಮೆ ಈ ಮೂರೂ ಕೂಡಿದಾಗ ಬೆಳಗಿನ ಮೊದಲ ಹೆಜ್ಜೆ ಮತ್ತೆ ಸುಗಮವಾಗುವುದು.