ಕಿವಿಯಲ್ಲಿ ಹೇಳಿದ್ದು ಏನು?

(ಸುತ್ತೂರಿನಲ್ಲಿ ಶರಣ ಬಂಧುಗಳ ಎದುರು ಆಡಿದ ಮಾತುಗಳ ಬರಹರೂಪ)

 

ನಾನು ಪಂಡಿತನಲ್ಲ. ನಂಜನಗೂಡು ತಾಲ್ಲೂಕಿನ ಹಳ್ಳಿಯೊಂದರವನು, ಮೂವತ್ತು ವರ್ಷ ಶಾಲಾ ಮೇಷ್ಟ್ರಾಗಿದ್ದವನು. ಇವತ್ತು ನನ್ನ ತಂಗಿಯ ವಿಷಯ ಹೇಳುತ್ತೇನೆ. ಅವಳ ಒಪ್ಪಿಗೆ ಕೇಳಿಯೇ ಬಂದಿದ್ದೇನೆ. ಅವಳಿಗೆ ಹುಟ್ಟಿನಿಂದಲೂ ಕಿವಿ ಕೇಳಿಸುವುದಿಲ್ಲ.

ಎಂಟನೆಯ ವಯಸ್ಸಿನಲ್ಲಿ ಅವಳಿಗೆ ಲಿಂಗದೀಕ್ಷೆ ಆಯಿತು. ಗುರುಗಳು ತಲೆಯ ಮೇಲೆ ಕೈ ಇಟ್ಟರು, ಕಿವಿಯಲ್ಲಿ ಮಂತ್ರ ಹೇಳಿದರು, ಅಂಗೈಗೆ ಇಷ್ಟಲಿಂಗ ಕೊಟ್ಟರು. ಮಗುವಿಗೆ ಕಿವಿ ಕೇಳಿಸದು ಎಂದು ಅವರಿಗೆ ನಾವ್ಯಾರೂ ತಿಳಿಸಿರಲಿಲ್ಲ. ಹೇಳಿದರೆ ದೀಕ್ಷೆಯೇ ನಿಂತುಹೋದೀತು ಎಂಬ ಅಂಜಿಕೆ ಮನೆಯವರಿಗೆ.

ಮುಂದೆ ಅವಳು ಮೈಸೂರಿನ ಒಂದು ವಿಶೇಷ ಶಾಲೆ ಸೇರಿದಳು. ಅಲ್ಲಿ ಹಾಸ್ಟೆಲಿನ ದೊಡ್ಡ ಹುಡುಗಿಯರಿಂದ ಸನ್ನೆ ಭಾಷೆ ಕಲಿತಳು. ರಜೆಗೆ ಬಂದಾಗ ನನಗೂ ಒಂದಿಷ್ಟು ಕಲಿಸಿದಳು. ಹದಿನಾರರ ವಯಸ್ಸಿನಲ್ಲಿ ಒಂದು ದಿನ ಕೇಳಿದಳು: "ಗುರು, ಕಿವಿ, ಹೇಳಿದ್ದು, ಏನು?" ಭಾರತೀಯ ಸನ್ನೆ ಭಾಷೆಯಲ್ಲಿ 'ಏನು' ಎಂಬುದು ವಾಕ್ಯದ ಕೊನೆಗೆ ಬರುತ್ತದೆ, ಮುಖವೂ ಪ್ರಶ್ನೆ ಕೇಳುತ್ತದೆ. ಅದು ಬರಿಯ ಕೈಬಾಯಿ ಸನ್ನೆಯಲ್ಲ, ತನ್ನದೇ ವ್ಯಾಕರಣವಿರುವ ಭಾಷೆ. ನನಗೆ ಉತ್ತರ ಕೊಡುವಷ್ಟು ಅದು ಬರುತ್ತಿರಲಿಲ್ಲ. "ದೇವರ ಹೆಸರು, ಆಮೇಲೆ ಹೇಳುತ್ತೇನೆ" ಎಂದು ಕೈ ಆಡಿಸಿದೆ. ಆ 'ಆಮೇಲೆ' ಬರಲೇ ಇಲ್ಲ.

ಇನ್ನೊಂದು ಮಾತು. ಅವಳಿಗೆ ನಲವತ್ತಾದಾಗ ಒಂದು ಆಸ್ಪತ್ರೆಯಲ್ಲಿ ಗರ್ಭಕೋಶ ತೆಗೆಯಬೇಕೆಂದರು. ವೈದ್ಯರು ಅರ್ಧ ಗಂಟೆ ನನ್ನ ಮುಖ ನೋಡಿಯೇ ಮಾತಾಡಿದರು. ನಾನು ಅದನ್ನು "ಆಪರೇಷನ್, ಹೆದರಬೇಡ" ಎಂದು ಎರಡು ಸನ್ನೆಯಲ್ಲಿ ಮುಗಿಸಿ, ಎಲ್ಲಿ ಸಹಿ ಹಾಕಬೇಕೆಂದು ಬೆರಳು ತೋರಿಸಿದೆ. ಏನು ತೆಗೆದರೆಂದು ಅವಳಿಗೆ ತಿಳಿದದ್ದು ಮೂರು ದಿನದ ನಂತರ. ತಿಂಗಳುಗಟ್ಟಲೆ ನನ್ನ ಕಡೆ ತಿರುಗಿ ನೋಡಲಿಲ್ಲ. ನಾನು ಪ್ರೀತಿಯಿಂದಲೇ ಮಾಡಿದ್ದೆ. ಆದರೆ ಅವಳ ಬಾಳಿನ ತೀರ್ಮಾನವನ್ನು ಅವಳ ಕೈಯಿಂದ ಕಸಿದಿದ್ದೆ.

ಬಂಧುಗಳೆ, ಮನೆಯವರು ದುಭಾಷಿಗಳಲ್ಲ. ಮನೆಯವರು ತಮಗೆ ತೋಚಿದ್ದನ್ನು ಹೇಳುತ್ತಾರೆ, ನೋವಾಗುವುದನ್ನು ಬಿಡುತ್ತಾರೆ, ಅವರ ಪರವಾಗಿ ತಾವೇ ಉತ್ತರ ಕೊಡುತ್ತಾರೆ. ತರಬೇತಿ ಪಡೆದ ದುಭಾಷಿ ಆಡಿದ್ದನ್ನೆಲ್ಲ ಹೇಳುತ್ತಾನೆ, ಏನನ್ನೂ ಸೇರಿಸುವುದಿಲ್ಲ, ಕೇಳಿದ ಗುಟ್ಟನ್ನು ಹೊರಗೆ ಬಿಡುವುದಿಲ್ಲ.

ಇದು ದಯೆಯ ಮಾತಲ್ಲ, ಹಕ್ಕಿನ ಮಾತು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಶ್ರವಣದೋಷ ಇರುವವರು ಸುಮಾರು 50 ಲಕ್ಷ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸಂವಹನ ಎಂಬುದರ ಅರ್ಥದಲ್ಲೇ ಸನ್ನೆ ಭಾಷೆಯನ್ನು ಸೇರಿಸಿದೆ. ದೆಹಲಿಯಲ್ಲಿ 2015ರಲ್ಲಿ ಆರಂಭವಾದ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 10,000 ಪದಗಳ ನಿಘಂಟು ತಂದಿದೆ. ನಮ್ಮ ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ 2023ರಲ್ಲಿ ಸುಪ್ರೀಂ ಕೋರ್ಟಿನಲ್ಲಿ, 2024ರಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ದುಭಾಷಿಯ ಮೂಲಕ ಕಲಾಪದಲ್ಲಿ ಪಾಲ್ಗೊಂಡರು. ನ್ಯಾಯಾಲಯ ಬಾಗಿಲು ತೆರೆಯಿತು. ನಮ್ಮ ಅನುಭವ ಮಂಟಪದ ವಾರಸುದಾರರು ತೆರೆಯಬೇಡವೆ?

ಹನ್ನೆರಡನೆಯ ಶತಮಾನದ ಶರಣರು ಮಾಡಿದ್ದೇನು? ಜನಕ್ಕೆ ತಿಳಿಯದ ಭಾಷೆಯಲ್ಲಿದ್ದ ಧರ್ಮವನ್ನು ಜನರ ಆಡುನುಡಿಗೆ ತಂದರು. ಕಿವುಡರ ಆಡುನುಡಿ ಸನ್ನೆ. ಅವರ ಪಾಲಿಗೆ ನಮ್ಮ ಕನ್ನಡದ ಪ್ರವಚನವೂ ತಿಳಿಯದ ಭಾಷೆಯೇ. ದೀಕ್ಷೆಯನ್ನೇ ನೋಡಿ. ಮೂರರಲ್ಲಿ ಮಂತ್ರವೊಂದೇ ಕಿವಿಗೆ. ತಲೆಯ ಮೇಲಿಟ್ಟ ಹಸ್ತ, ಅಂಗೈಗೆ ಬಂದ ಲಿಂಗ, ಎರಡೂ ಕೈಯ ಮಾತೇ. ಹಾಗಿರುವಾಗ ಕೈಯಿಂದ ಮಾತಾಡುವವರು ನಮ್ಮ ಸಭೆಯಲ್ಲಿ ಹೊರಗಿನವರಾಗುವುದು ಹೇಗೆ?

ಕಳೆದ ವರ್ಷ ದುಭಾಷಿಯೊಬ್ಬರನ್ನು ಕರೆದುಕೊಂಡು ತಂಗಿಯ ಜೊತೆ ಒಬ್ಬ ಗುರುಗಳ ಬಳಿ ಹೋದೆ. ಅವಳು ಅದೇ ಹಳೆಯ ಪ್ರಶ್ನೆ ಕೇಳಿದಳು. ಗುರುಗಳು ಎದುರಿಗೆ ಕೂತು, ಅವಳ ಮುಖ ನೋಡಿ, ಮಂತ್ರವನ್ನೂ ಅದರ ಅರ್ಥವನ್ನೂ ಒಂದು ಗಂಟೆ ಬಿಡಿಸಿ ಹೇಳಿದರು. ಆಮೇಲೆ ಅವಳು ಇನ್ನೊಂದು ಪ್ರಶ್ನೆ ಕೇಳಿದಳು: "ಇದನ್ನು ನನ್ನ ಅಣ್ಣ ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ದುಭಾಷಿ ಅದನ್ನೂ ಬಿಡದೆ, ನನ್ನೆದುರಿಗೇ, ಗಟ್ಟಿಯಾಗಿ ಹೇಳಿದರು. ನಾನಾಗಿದ್ದರೆ ಆ ಮಾತನ್ನು ನುಂಗಿಬಿಡುತ್ತಿದ್ದೆ.

ಈ ಕ್ಷೇತ್ರಕ್ಕೆ ಇದು ಹೊಸ ದಾರಿಯಲ್ಲ. ಸುತ್ತೂರು ಮಠದ ಜೆಎಸ್ಎಸ್ ಮಹಾವಿದ್ಯಾಪೀಠ ಮೈಸೂರಿನಲ್ಲಿ ವಿಶೇಷಚೇತನರಿಗಾಗಿಯೇ ಪಾಲಿಟೆಕ್ನಿಕ್ ನಡೆಸುತ್ತಿದೆ, ವಾಕ್ ಶ್ರವಣ ಸಂಸ್ಥೆಯನ್ನೂ ನಡೆಸುತ್ತಿದೆ. ಓದು ಕೊಟ್ಟಾಗಿದೆ. ಇನ್ನು ಸಭೆಯಲ್ಲಿ ಜಾಗ ಕೊಡುವುದು ನಮ್ಮೆಲ್ಲರ ಕೆಲಸ. ನನ್ನ ಬಿನ್ನಹ ಮೂರೇ. ಪ್ರತಿ ಮಠದ ದೊಡ್ಡ ಸಭೆಯಲ್ಲಿ, ಬೆಳಕು ಬೀಳುವ ಕಡೆ, ಒಬ್ಬ ದುಭಾಷಿ ನಿಲ್ಲಲಿ. ಪ್ರತಿ ತಾಲ್ಲೂಕಿನಿಂದ ಇಬ್ಬರು ಯುವಕ ಯುವತಿಯರನ್ನು ದುಭಾಷಿ ಡಿಪ್ಲೊಮಾಕ್ಕೆ ಕಳುಹಿಸೋಣ. ದೀಕ್ಷೆಗಾಗಲಿ, ಕಲ್ಯಾಣಕ್ಕಾಗಲಿ ಕಿವುಡರು ಬಂದರೆ ಮೊದಲು ಅವರನ್ನೇ, ಅವರ ಭಾಷೆಯಲ್ಲೇ ಕೇಳೋಣ.

ತಂಗಿ ಇಲ್ಲೇ ಮೂರನೆಯ ಸಾಲಿನಲ್ಲಿ ಕೂತಿದ್ದಾಳೆ. ನನ್ನ ಈ ಮಾತು ಸರಿಯೋ ತಪ್ಪೋ ಅವಳೇ ಹೇಳಬೇಕು. ದುಭಾಷಿಯವರೂ ಬಂದಿದ್ದಾರೆ. ನಾನು ಕೆಳಗಿಳಿಯುತ್ತೇನೆ, ಮುಂದಿನ ಮಾತು ಅವಳದು.