ಮುಖ್ಯೋಪಾಧ್ಯಾಯರಿಗೆ ಬೇಕಾದ ಪಾಠ

ನಿಮ್ಮ ಮಗುವಿನ ಶಾಲೆಗೆ ಹೋದಾಗ ಮುಖ್ಯೋಪಾಧ್ಯಾಯರ ಮೇಜನ್ನು ಎಂದಾದರೂ ಗಮನಿಸಿದ್ದೀರಾ? ಹಾಜರಿ ಪುಸ್ತಕ, ನಗದು ಪುಸ್ತಕ, ಬಿಸಿಯೂಟದ ಅಕ್ಕಿಬೇಳೆಯ ಲೆಕ್ಕ, ಸಮಿತಿಯ ನಡವಳಿ, ಮೇಲಿನ ಕಚೇರಿಗೆ ಇಂದೇ ಹೋಗಬೇಕಾದ ಅಂಕಿ ಅಂಶಗಳು. ಇವುಗಳ ಹಿಂದೆ ಕುಳಿತವರು ಬಹುಮಟ್ಟಿಗೆ, ಒಳ್ಳೆಯ ಉಪಾಧ್ಯಾಯರೆಂದು ಹೆಸರು ಪಡೆದು ಬಡ್ತಿ ಹೊಂದಿದವರು. ಕುರ್ಚಿಯೇನೋ ಬದಲಾಯಿತು, ಅದಕ್ಕೆ ತಕ್ಕ ವಿದ್ಯೆಯನ್ನು ಕಲಿಸಿದವರು ಯಾರು?

ಕನ್ನಡ ಪಂಡಿತನಾದ ನಾನೂ ಒಮ್ಮೆ ಮೂರು ತಿಂಗಳ ಕಾಲ ಪ್ರಭಾರ ವಹಿಸಿದ್ದೆ. ಷಟ್ಪದಿಯ ಮಾತ್ರೆಗಳನ್ನು ತಪ್ಪದೆ ಎಣಿಸಬಲ್ಲ ನನಗೆ ನಗದು ಪುಸ್ತಕದ ಜಮಾ ಖರ್ಚು ತಾಳೆಯಾಗಲಿಲ್ಲ. ಗುಮಾಸ್ತರು ಹೇಳಿಕೊಟ್ಟರು, ವಾರದಲ್ಲಿ ಕಲಿತೆ. ಆದರೆ ಆ ಗಡಿಬಿಡಿಯಲ್ಲಿ, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಹದಿನೈದು ದಿನ ಬಾರದಿದ್ದುದು ನನ್ನ ಕಣ್ಣಿಗೆ ಬೀಳಲಿಲ್ಲ. ನಾನು ಅವಳ ಮನೆಗೆ ಹೋಗುವಷ್ಟರಲ್ಲಿ ಬಾಗಿಲಿಗೆ ಬೀಗ. ತಾಯಿಯೊಡನೆ ಕೂಲಿಗೆಂದು ಊರು ಬಿಟ್ಟಿದ್ದಳು. ಲೆಕ್ಕ ತಪ್ಪಿದ್ದರೆ ತನಿಖೆಯವರು ಆಕ್ಷೇಪಣೆ ಬರೆಯುತ್ತಿದ್ದರು. ಈ ಲೋಪಕ್ಕೆ ಆಕ್ಷೇಪಣೆ ಬರೆಯುವವರು ಯಾರೂ ಇರಲಿಲ್ಲ.

ತರಬೇತಿಯ ಯೋಚನೆ ಇಲ್ಲವೆಂದಲ್ಲ. 2012ರಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ಶಾಲಾ ನಾಯಕತ್ವ ಕೇಂದ್ರ ಸ್ಥಾಪಿತವಾಯಿತು. ಶಾಲಾ ಮುಖ್ಯಸ್ಥರೂ ವರ್ಷಕ್ಕೆ 50 ಗಂಟೆಗಳಾದರೂ ಕಲಿಯಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ಆದರೆ ಏನನ್ನು ಕಲಿಸಬೇಕು? ನಾಡಿ ಹಿಡಿದು ನೋಡದೆ ಎಲ್ಲರಿಗೂ ಒಂದೇ ಕಷಾಯ ಕೊಡುವ ವೈದ್ಯನನ್ನು ಯಾರೂ ನಂಬುವುದಿಲ್ಲ.

ನಾಡಿ ನೋಡುವ ಬಗೆ ಕಷ್ಟದ್ದಲ್ಲ. ನಿಮಗೇನು ಬೇಕೆಂದು ಮುಖ್ಯೋಪಾಧ್ಯಾಯರನ್ನು ಕೇಳಬೇಕು. ಅಷ್ಟೇ ಸಾಲದು, ತಮ್ಮ ಕೊರತೆ ತಮಗೇ ಕಾಣದಿರಬಹುದು. ಸಹೋದ್ಯೋಗಿಗಳನ್ನೂ ಪೋಷಕರನ್ನೂ ವಿಚಾರಿಸಬೇಕು. ಒಂದು ದಿನ ಅವರ ಜೊತೆಯಲ್ಲಿದ್ದು, ಕಾಗದಕ್ಕೆಷ್ಟು ಹೊತ್ತು, ತರಗತಿಗೆಷ್ಟು ಹೊತ್ತು ಎಂಬುದನ್ನು ಗುರುತಿಸಬೇಕು. ಆಗ ಇನ್ನೊಂದು ಸತ್ಯವೂ ಹೊರಬೀಳುತ್ತದೆ: ಎಲ್ಲ ಕೊರತೆಯೂ ತಿಳಿವಳಿಕೆಯ ಕೊರತೆಯಲ್ಲ. ಗುಮಾಸ್ತರಿಲ್ಲದ ಶಾಲೆಗೆ ಬೇಕಾದುದು ಗುಮಾಸ್ತರೇ ಹೊರತು ಮುಖ್ಯೋಪಾಧ್ಯಾಯರಿಗೆ ಮತ್ತೊಂದು ಶಿಬಿರವಲ್ಲ.

ಲೆಕ್ಕ ಬರೆಯುವುದನ್ನು ಒಂದು ವಾರದಲ್ಲಿ ಕಲಿಸಬಹುದು. ಹೊಸ ಉಪಾಧ್ಯಾಯರ ಪಾಠ ಕೇಳಿ ನೋಯಿಸದಂತೆ ತಿದ್ದುವುದು, ಖಾಲಿಯಾದ ಬೆಂಚನ್ನು ಮೂರನೆಯ ದಿನವೇ ಗುರುತಿಸಿ ಮನೆಗೆ ಹೇಳಿಕಳುಹಿಸುವುದು, ಇವಕ್ಕೆ ಹೆಚ್ಚು ಅಭ್ಯಾಸ ಬೇಕು.

ಮುಂದಿನ ಬಾರಿ ಶಾಲೆಗೆ ಹೋದಾಗ, ಪರೀಕ್ಷೆಯ ಫಲಿತಾಂಶವನ್ನಷ್ಟೇ ವಿಚಾರಿಸಿ ಹಿಂದಿರುಗಬೇಡಿ. 'ಶಾಲೆಗೆ ಬಾರದ ಮಕ್ಕಳು ಎಷ್ಟು ಮಂದಿ, ಸ್ವಾಮಿ?' ಎಂದೂ ಕೇಳಿ. ನನ್ನನ್ನು ಅಂದು ಯಾರಾದರೂ ಹಾಗೆ ಕೇಳಿದ್ದರೆ ಆ ಹುಡುಗಿ ಪರೀಕ್ಷೆಗೆ ಕುಳಿತಿರುತ್ತಿದ್ದಳೇನೋ.