ಬಿಡುವಿನ ದಿನದ ಬೆಲೆ

(ಶಾಲಾ ಕ್ರೀಡಾ ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಹಿಂದೆ ಟೆಸ್ಟ್ ಪಂದ್ಯದ ಐದು ದಿನಗಳ ನಡುವೆ ಒಂದು ವಿಶ್ರಾಂತಿ ದಿನ ಇರುತ್ತಿದ್ದುದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಆ ಪದ್ಧತಿ ಹೋಯಿತು. ಶಾಲಾ ತಂಡಗಳ ಪ್ರವಾಸದಲ್ಲಿ ಮಾತ್ರ ಅದು ಇನ್ನೂ ಉಳಿದಿದೆ. ಆಟವಿಲ್ಲದ ಆ ಒಂದು ದಿನವನ್ನು ಮಕ್ಕಳು ಹೇಗೆ ಕಳೆಯಬೇಕು? ಕೇಳಲು ಇದು ಸಣ್ಣ ಪ್ರಶ್ನೆ. ಆದರೆ ಕೆರಿಬಿಯನ್ ದ್ವೀಪಗಳಲ್ಲಿ ನಿಂತು ಕೇಳಿದರೆ ಅದಕ್ಕೆ ಬೇರೆಯೇ ತೂಕ ಬರುತ್ತದೆ. ಬಿಡುವಿನ ದಿನ ಯಾರಿಗಿತ್ತು, ಯಾರಿಗಿರಲಿಲ್ಲ ಎಂಬುದೇ ಅಲ್ಲಿನ ಚರಿತ್ರೆಯ ಒಂದು ದೊಡ್ಡ ಭಾಗ.

ಬಾರ್ಬಡೋಸ್ ದ್ವೀಪವನ್ನೇ ತೆಗೆದುಕೊಳ್ಳೋಣ. ಅದರ ವಿಸ್ತೀರ್ಣ ಸುಮಾರು 430 ಚದರ ಕಿಲೋಮೀಟರು. ನಮ್ಮ ಒಂದು ತಾಲ್ಲೂಕಿಗಿಂತ ದೊಡ್ಡದಲ್ಲ. ಇಂಗ್ಲೆಂಡಿನ ಶಾಲಾ ತಂಡಗಳು ಅಲ್ಲಿಗೆ ಹೋಗಿ ಆಡಿ ಬರುವುದು ಬಹಳ ಕಾಲದಿಂದ ರೂಢಿಯಲ್ಲಿದೆ. ಗ್ಯಾರಿ ಸೋಬರ್ಸ್ ಹೆಸರಿನಲ್ಲಿ 1980ರ ದಶಕದಲ್ಲಿ ಆರಂಭವಾದ ಶಾಲಾ ಪಂದ್ಯಾವಳಿಗೂ ಹಲವು ದೇಶಗಳ ಹುಡುಗರು ಬಂದರು. ಇಂಥ ಪ್ರವಾಸದ ಬಿಡುವಿನ ದಿನ ಸಾಮಾನ್ಯವಾಗಿ ಸಮುದ್ರ ತೀರಕ್ಕೆ ಮೀಸಲು. ಅದರಲ್ಲಿ ತಪ್ಪೇನಿಲ್ಲ. ಅಷ್ಟು ತಿಳಿಯಾದ ನೀರನ್ನು ಕಂಡ ಹುಡುಗರು ಈಜದೆ ಇದ್ದಾರೆಯೇ? ಆದರೆ ಅರ್ಧ ದಿನ ಉಳಿಸಿಕೊಂಡರೆ, ತಾವು ಆಡಲು ಬಂದ ಆಟ ಈ ನೆಲದಲ್ಲಿ ಹೇಗೆ ಬೇರು ಬಿಟ್ಟಿತೆಂಬುದನ್ನು ಅವರು ಕಣ್ಣಾರೆ ಕಾಣಬಹುದು.

1640ರ ದಶಕದಲ್ಲಿ ಈ ದ್ವೀಪಕ್ಕೆ ಕಬ್ಬು ಬಂತು. ಕಬ್ಬಿನ ಹಿಂದೆಯೇ ಆಫ್ರಿಕದಿಂದ ಹಡಗುಗಳಲ್ಲಿ ತುಂಬಿ ತಂದ ಗುಲಾಮರು ಬಂದರು. ವಾರವಿಡೀ ತೋಟದ ದುಡಿಮೆ. ಭಾನುವಾರ ಮಾತ್ರ ಒಂದಿಷ್ಟು ಬಿಡುವು. ಆ ಒಂದು ದಿನದಲ್ಲೇ ಅವರು ತಮ್ಮ ಗುಡಿಸಲಿನ ಪಕ್ಕದ ತುಂಡು ನೆಲದಲ್ಲಿ ಗೆಡ್ಡೆ ಗೆಣಸು ಬೆಳೆದರು, ಕೋಳಿ ಸಾಕಿದರು, ಸಂತೆಗೆ ಒಯ್ದು ಮಾರಿದರು, ಹಾಡಿದರು, ಕುಣಿದರು. ಮೈ ಧಣಿಯದು, ಶ್ರಮ ಧಣಿಯದು. ಭಾನುವಾರವೊಂದು ಅಷ್ಟಿಷ್ಟು ತಮ್ಮದು. ಅಲ್ಲಿನ ಅತಿ ದೊಡ್ಡ ಗುಲಾಮರ ದಂಗೆ ಆರಂಭವಾದದ್ದೂ ಒಂದು ಹಬ್ಬದ ಭಾನುವಾರ, 1816ರ ಏಪ್ರಿಲ್ 14ರ ಈಸ್ಟರ್ ದಿನ. ಮುಂದಾಳುಗಳಲ್ಲಿ ಬುಸ್ಸಾ ಎಂಬವನ ಹೆಸರು ಇಂದಿಗೂ ಉಳಿದಿದೆ. ದಂಗೆಯನ್ನು ಕೆಲವೇ ದಿನಗಳಲ್ಲಿ ಹತ್ತಿಕ್ಕಲಾಯಿತು. ನೂರಾರು ಜನ ಸತ್ತರು. 1834ರ ಆಗಸ್ಟ್ 1ರಂದು ಗುಲಾಮಗಿರಿ ರದ್ದಾಯಿತೆಂದು ಕಾನೂನು ಹೇಳಿತು. ಆದರೆ ತರಬೇತಿಯ ನೆಪದಲ್ಲಿ 1838ರವರೆಗೂ ಅವರನ್ನು ಹಳೆಯ ಧಣಿಗಳ ಬಳಿಯೇ ದುಡಿಸಲಾಯಿತು. ಬ್ರಿಟಿಷ್ ಸಾಮ್ರಾಜ್ಯದ ಉದ್ದಗಲಕ್ಕೆ ಪರಿಹಾರವೆಂದು ಎರಡು ಕೋಟಿ ಪೌಂಡು ಗೊತ್ತಾಯಿತು. ಆ ಹಣ ಸಂದದ್ದು ಗುಲಾಮರಿಗಲ್ಲ, ಅವರನ್ನು ಇಟ್ಟುಕೊಂಡಿದ್ದವರಿಗೆ.

ಕ್ರಿಕೆಟ್ ಈ ಸಮಾಜಕ್ಕೆ ಬಂದದ್ದು ಇಂಗ್ಲಿಷ್ ಸೈನಿಕರು ಮತ್ತು ತೋಟದ ಧಣಿಗಳ ಆಟವಾಗಿ. ಅಲ್ಲಿನ ಕ್ಲಬ್ಬುಗಳ ಇತಿಹಾಸ ನೋಡಿದರೆ ನಮ್ಮ ಜಾತಿಯ ಏಣಿ ನೆನಪಾಗದೆ ಇರದು. 1877ರ ವಾಂಡರರ್ಸ್, 1882ರ ಪಿಕ್‌ವಿಕ್ ಬಿಳಿಯರವು. 1893ರ ಸ್ಪಾರ್ಟನ್ ಅನುಕೂಲಸ್ಥ ಮಿಶ್ರವರ್ಣೀಯರದು. ಹರ್ಮನ್ ಗ್ರಿಫಿತ್ ಎಂಬ ಕರಿಯ ವೇಗದ ಬೌಲರನನ್ನು ಸ್ಪಾರ್ಟನ್ ಸೇರಿಸಿಕೊಳ್ಳಲಿಲ್ಲ. ಆ ಜಗಳದಿಂದ 1914ರಲ್ಲಿ ಎಂಪೈರ್ ಕ್ಲಬ್ ಹುಟ್ಟಿತು. ಗ್ರಿಫಿತ್ ಮುಂದೆ ವೆಸ್ಟ್ ಇಂಡೀಸಿನ ಮೊದಲ ಟೆಸ್ಟ್ ತಂಡದಲ್ಲೇ ಆಡಿದರು. ಈ ಯಾವ ಕ್ಲಬ್ಬಿಗೂ ಸೇರಲಾಗದ ಹಳ್ಳಿಯ ಕೂಲಿಕಾರರಿಗೆ ತಮ್ಮದೇ ಲೀಗ್ ಸಿಕ್ಕಿದ್ದು 1936ರಲ್ಲಿ.

ಶಾಲೆಗಳ ಪಾತ್ರವೂ ದೊಡ್ಡದು. ಹ್ಯಾರಿಸನ್ ಕಾಲೇಜು, ಲಾಡ್ಜ್, ಕಾಂಬರ್ಮಿಯರ್ ಎಂಬ ಮೂರು ಶಾಲೆಗಳ ತಂಡಗಳು ದೊಡ್ಡವರ ಮೊದಲ ದರ್ಜೆಯ ಲೀಗಿನಲ್ಲೇ ಆಡುತ್ತಿದ್ದವು. ಹದಿನಾಲ್ಕು ಹದಿನೈದರ ಹುಡುಗ, ಟೆಸ್ಟ್ ಆಡಿದ ಬೌಲರನನ್ನು ಎದುರಿಸಬೇಕು. ಫ್ರಾಂಕ್ ವೊರೆಲ್, ಕ್ಲೈಡ್ ವಾಲ್ಕಾಟ್ ಆ ಗರಡಿಯಲ್ಲೇ ಬೆಳೆದರು. ಎವರ್ಟನ್ ವೀಕ್ಸ್‌ಗೆ ಆ ಭಾಗ್ಯವಿರಲಿಲ್ಲ. ಹದಿನಾಲ್ಕಕ್ಕೇ ಶಾಲೆ ಬಿಟ್ಟರು. ಕೆನ್ಸಿಂಗ್ಟನ್ ಓವಲ್ ಮನೆಯ ಹತ್ತಿರವೇ ಇದ್ದರೂ ಅಲ್ಲಿನ ಪಿಕ್‌ವಿಕ್ ಕ್ಲಬ್ ಬಿಳಿಯರದು. ಮೈದಾನದ ಕೆಲಸಗಾರರಿಗೆ ಕೈಜೋಡಿಸಿದರೆ ಪಂದ್ಯ ನೋಡಲು ಬಿಡುತ್ತಿದ್ದರು, ಅಷ್ಟೇ. ಹಳ್ಳಿಯ ಲೀಗಿನಲ್ಲಿ ಆಡಿ, ಸೈನ್ಯ ಸೇರಿದ ಮೇಲಷ್ಟೇ ಅವರಿಗೆ ದೊಡ್ಡ ಕ್ಲಬ್ಬುಗಳ ಎದುರು ಆಡುವ ಅವಕಾಶ ಸಿಕ್ಕಿತು. 1948-49ರಲ್ಲಿ ಅವರು ಸತತ ಐದು ಟೆಸ್ಟ್ ಇನಿಂಗ್ಸುಗಳಲ್ಲಿ ಶತಕ ಹೊಡೆದರು. ಅದರಲ್ಲಿ ನಾಲ್ಕು ಬಂದದ್ದು ನಮ್ಮ ದೇಶದ ನೆಲದಲ್ಲಿ. ಸೋಬರ್ಸ್ ಕಥೆಯೂ ಇಂಥದೇ. ಹಡಗಿನಲ್ಲಿ ದುಡಿಯುತ್ತಿದ್ದ ತಂದೆ ಎರಡನೆಯ ಮಹಾಯುದ್ಧದಲ್ಲಿ ತೀರಿಕೊಂಡಾಗ ಅವರಿನ್ನೂ ಎಳೆಯ ಮಗು. ಮುಂದೆ ಪೊಲೀಸ್ ತಂಡಕ್ಕೆ ಆಡಲೆಂದೇ ಅವರನ್ನು ಪೊಲೀಸ್ ಬ್ಯಾಂಡಿನಲ್ಲಿ ಕಹಳೆ ಊದುವ ಹುಡುಗನಾಗಿ ಸೇರಿಸಿಕೊಂಡರು.

ಹಾಗಾದರೆ ಆ ಅರ್ಧ ದಿನ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯಬೇಕು? ಮೂರು ಸ್ಥಳಗಳನ್ನು ಹೇಳುತ್ತೇನೆ. ಮೊದಲನೆಯದು ರಾಜಧಾನಿ ಬ್ರಿಜ್‌ಟೌನಿನ ಗ್ಯಾರಿಸನ್ ಬಯಲು, ಬ್ರಿಟಿಷ್ ಪಡೆಗಳ ಹಳೆಯ ನೆಲೆ. ಹಳೆಯ ಪಟ್ಟಣದೊಂದಿಗೆ ಅದು 2011ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಎರಡನೆಯದು ಊರಾಚೆಯ ವೃತ್ತವೊಂದರಲ್ಲಿ 1985ರಲ್ಲಿ ನಿಲ್ಲಿಸಿದ ವಿಮೋಚನೆಯ ಪ್ರತಿಮೆ. ಕಡಿದ ಸರಪಳಿ ಇನ್ನೂ ಕೈಯಲ್ಲಿ ಜೋತಾಡುತ್ತಿರುವ ಆ ಮನುಷ್ಯನನ್ನು ಜನ ಬುಸ್ಸಾ ಎಂದೇ ಕರೆಯುತ್ತಾರೆ. ಮೂರನೆಯದು ಕೇವ್ ಹಿಲ್‌ನ ವಿಶ್ವವಿದ್ಯಾಲಯದ ಆವರಣ. ಅಲ್ಲಿನ ಕ್ರಿಕೆಟ್ ಮೈದಾನದ ಬಳಿ ವೊರೆಲ್, ವಾಲ್ಕಾಟ್, ವೀಕ್ಸ್ ಮೂವರ ಸಮಾಧಿಗಳೂ ಇವೆ. ವೊರೆಲ್ ಹುಟ್ಟಿದ್ದು 1924ರ ಆಗಸ್ಟ್ 1ರಂದು; ಗುಲಾಮಗಿರಿ ರದ್ದಾಗಿ ಅಂದಿಗೆ ಸರಿಯಾಗಿ ತೊಂಬತ್ತು ವರ್ಷ. ಒಬ್ಬ ಕರಿಯ ಆಟಗಾರನಿಗೆ ಇಡೀ ಟೆಸ್ಟ್ ಸರಣಿಯ ನಾಯಕತ್ವ ಸಿಗಲು ಆ ಮೇಲೂ ಮೂವತ್ತಾರು ವರ್ಷ ಬೇಕಾಯಿತು. 1960ರಲ್ಲಿ ಆಸ್ಟ್ರೇಲಿಯಾಕ್ಕೆ ಹೊರಟ ತಂಡದ ನಾಯಕ ಈ ವೊರೆಲ್ಲೇ.

ಭಾರತದ ಮಕ್ಕಳಿಗೆ ಆ ಸಮಾಧಿಯ ಬಳಿ ನಿಲ್ಲಲು ಇನ್ನೊಂದು ಕಾರಣವಿದೆ. 1962ರ ಮಾರ್ಚ್‌ನಲ್ಲಿ ಇದೇ ಬ್ರಿಜ್‌ಟೌನಿನಲ್ಲಿ, ಬಾರ್ಬಡೋಸ್ ವಿರುದ್ಧದ ಪಂದ್ಯದಲ್ಲಿ ನಮ್ಮ ನಾಯಕ ನಾರಿ ಕಂಟ್ರಾಕ್ಟರ್ ತಲೆಗೆ ಚೆಂಡು ಬಡಿದು ತಲೆಬುರುಡೆ ಬಿರಿಯಿತು. ಜೀವಕ್ಕೇ ಕುತ್ತು ಬಂದಾಗ ರಕ್ತ ಕೊಟ್ಟವರಲ್ಲಿ ಎದುರಾಳಿ ನಾಯಕ ವೊರೆಲ್ ಒಬ್ಬರು. ಆಗ ಭಾರತ ತಂಡದಲ್ಲಿ ನಮ್ಮವರೇ ಆದ ಇಪ್ಪತ್ತೊಂದರ ಎರಪಳ್ಳಿ ಪ್ರಸನ್ನ ಇದ್ದರು. ಆ ಋಣವನ್ನು ನೆನೆದು ಬಂಗಾಳದ ಕ್ರಿಕೆಟ್ ಸಂಸ್ಥೆ ಪ್ರತಿ ಫೆಬ್ರುವರಿ 3ರಂದು ವೊರೆಲ್ ಹೆಸರಿನಲ್ಲಿ ರಕ್ತದಾನ ಶಿಬಿರ ನಡೆಸುತ್ತ ಬಂದಿದೆ. ಭಾರತ 2024ರ ಜೂನ್ 29ರಂದು ಟಿ-20 ವಿಶ್ವಕಪ್ ಗೆದ್ದದ್ದೂ ಬ್ರಿಜ್‌ಟೌನಿನ ಕೆನ್ಸಿಂಗ್ಟನ್ ಓವಲ್‌ನಲ್ಲೇ. ತಂಡದ ತರಬೇತುದಾರರು ನಮ್ಮ ರಾಹುಲ್ ದ್ರಾವಿಡ್. ಆ ಗೆಲುವು ನಮ್ಮ ಮಕ್ಕಳಿಗೆ ಬಾಯಿಪಾಠ. ಆ ರಕ್ತದ ಕಥೆ ಎಷ್ಟು ಮಂದಿಗೆ ಗೊತ್ತು?

ಮಕ್ಕಳ ಮೇಲೆ ಪಾಠ ಹೇರಬೇಡಿ. ಮೂರು ಜಾಗ ತೋರಿಸಿ, ಮೂರು ಮಾತು ಹೇಳಿ, ಸಾಕು. ಉಳಿದ ಅರ್ಧ ದಿನ ಸಮುದ್ರಕ್ಕೆ ಬಿಡಿ. ಅಲ್ಲಿ ಊರ ಹುಡುಗರು ಒದ್ದೆ ಮರಳಿನ ಮೇಲೆ ಚೆಂಡು ಪುಟಿಸುತ್ತಿದ್ದರೆ, ನಮ್ಮವರೂ ಸೇರಿಕೊಳ್ಳಲಿ, ಎರಡು ಊರಿನವರನ್ನೂ ಬೆರೆಸಿ ತಂಡ ಮಾಡಲಿ. ಒಂದು ಕಾಲದಲ್ಲಿ ಆ ತೀರದಲ್ಲಿ ಯಾರ ಜೊತೆ ಯಾರು ಆಡಬೇಕೆಂಬುದನ್ನು ಮೈಬಣ್ಣ ನಿರ್ಧರಿಸುತ್ತಿತ್ತು. ಅದು ಗೊತ್ತಿದ್ದ ಹುಡುಗನಿಗೆ ಆ ಸಂಜೆಯ ಆಟ ಇನ್ನಷ್ಟು ರುಚಿಸೀತು.